ದನಗಳ ವರ್ಣತಂತು ದೋಷಗಳು ಮತ್ತು ಸಂತಾನಶಕ್ತಿ

ದನದ ಪ್ರತಿ ದೇಹಕೋಶದಲ್ಲೂ 60 ವರ್ಣತಂತುಗಳಿರುತ್ತವೆ: 29 ಜೋಡಿ ದೇಹ ವರ್ಣತಂತುಗಳು, ಒಂದು ಜೋಡಿ ಲಿಂಗ ವರ್ಣತಂತುಗಳು. ನದಿ ಎಮ್ಮೆಯಲ್ಲಿ ಇವು 50, ಈಶಾನ್ಯ ಭಾರತದ ಜೌಗು ಎಮ್ಮೆಯಲ್ಲಿ 48. ವರ್ಣತಂತುಗಳ ಸಂಖ್ಯೆಯೋ ರಚನೆಯೋ ಏರುಪೇರಾದಾಗ ಪಶು ನೋಡಲು ಗಟ್ಟಿಮುಟ್ಟಾಗಿಯೇ ಇದ್ದು ಸಂತಾನದಲ್ಲಿ ಮಾತ್ರ ಹಿಂದೆ ಬೀಳಬಹುದು. ಹಸು ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬರುತ್ತದೆ; ಸಾಮಾನ್ಯವಾಗಿ ದೂರು ಮೇವಿನ ಮೇಲೋ ಗರ್ಭಕೋಶದ ಸೋಂಕಿನ ಮೇಲೋ ಹೋಗುತ್ತದೆ.

60 ಎಂಬ ಎಣಿಕೆ ಜರ್ಮನಿಯ ಕ್ರಾಲಿಂಗರ್ ಅವರ ಅಧ್ಯಯನಗಳಿಂದ 1930ರ ಸುಮಾರಿಗೆ ನೆಲೆಗೊಂಡಿತು. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಕಡಸು ಗೊಡ್ಡಾಗುವುದು ಅದಕ್ಕಿಂತ ಹಳೆಯ ತಿಳಿವಳಿಕೆ. ಇಂಥ ಕಡಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಂಜೆಯಾಗುತ್ತವೆ. ಅವಳಿಗಳ ಕಸದ ರಕ್ತನಾಳಗಳು ಬೆಸೆದುಕೊಳ್ಳುವುದೇ ಇದರ ಮೂಲ ಎಂಬುದನ್ನು ಟ್ಯಾಂಡ್ಲರ್ ಮತ್ತು ಕೆಲ್ಲರ್ 1911ರಲ್ಲಿ, ಲಿಲ್ಲಿ 1916–17ರಲ್ಲಿ ತೋರಿಸಿದರು. ಅಂಥ ಅವಳಿಗಳ ರಕ್ತದಲ್ಲಿ ಒಂದರ ಕೋಶಗಳು ಇನ್ನೊಂದರಲ್ಲಿ ಉಳಿದುಕೊಂಡಿರುವುದನ್ನು 1945ರಲ್ಲಿ ರೇ ಓವೆನ್ ಕಂಡುಕೊಂಡರು. ಇದು ವಂಶವಾಹಿ ದೋಷವಲ್ಲ. ಆದರೂ ವರ್ಣತಂತು ಪರೀಕ್ಷೆಯಲ್ಲಿ ಹೆಣ್ಣು ಕೋಶ, ಗಂಡು ಕೋಶ ಎರಡೂ ಕಾಣುವುದರಿಂದ ಇದನ್ನು ಈ ದೋಷಗಳ ಜೊತೆಗೇ ವಿವರಿಸುವ ರೂಢಿಯಿದೆ.

ನಿಜವಾದ ತಿರುವು ಬಂದದ್ದು 1964ರಲ್ಲಿ. ಸ್ವೀಡನ್ನಿನ ಗುಸ್ತಾವ್‌ಸನ್ ಮತ್ತು ರಾಕ್‌ಬಾರ್ನ್ ರಕ್ತದ ಕ್ಯಾನ್ಸರ್ ಇದ್ದ ಮೂರು ದನಗಳಲ್ಲಿ 1 ಮತ್ತು 29ನೇ ವರ್ಣತಂತುಗಳು ಬೆಸೆದುಕೊಂಡು ಎಣಿಕೆ ಇಳಿದಿರುವುದನ್ನು ವರದಿ ಮಾಡಿದರು. ಅದನ್ನು ಓದಿದವರು ಬೆಸುಗೆಗೂ ಕ್ಯಾನ್ಸರಿಗೂ ನಂಟು ಕಲ್ಪಿಸಿದ್ದು ಸಹಜವೇ. ಆಮೇಲೆ ಆರೋಗ್ಯವಂತ ಸ್ವೀಡಿಷ್ ಕೆಂಪು-ಬಿಳಿ ದನಗಳಲ್ಲೂ ಅದೇ ಬೆಸುಗೆ ಹೇರಳವಾಗಿ ಸಿಕ್ಕಿದಾಗ ಆ ನಂಟು ಬಿದ್ದುಹೋಯಿತು. ಇದು ತಂದೆತಾಯಿಯಿಂದ ಬರುವ ಬೆಸುಗೆ, ಮತ್ತು ಅದರ ಪೆಟ್ಟು ಸಂತಾನಕ್ಕೆ ಎಂದು 1969ರ ಹೊತ್ತಿಗೆ ಗುಸ್ತಾವ್‌ಸನ್ ತೋರಿಸಿದರು. ಬೆಸುಗೆ ಹೊತ್ತ ದನಕ್ಕೆ 59 ವರ್ಣತಂತುಗಳು. ತಳಿದ್ರವ್ಯ ಬಹುಪಾಲು ಪೂರ್ತಿಯಾಗಿಯೇ ಇರುವುದರಿಂದ ಮೈಯಲ್ಲಿ ಯಾವ ಲಕ್ಷಣವೂ ಇಲ್ಲ. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಮಾತ್ರ ಹಂಚಿಕೆ ತಪ್ಪುತ್ತದೆ. ವರ್ಣತಂತು ಹೆಚ್ಚೋ ಕಡಿಮೆಯೋ ಆದ ಭ್ರೂಣ ಕೆಲವೇ ವಾರಗಳಲ್ಲಿ ಸಾಯುತ್ತದೆ, ಹಸು ತಡವಾಗಿ ಬೆದೆಗೆ ಮರಳುತ್ತದೆ. ಗರ್ಭ ನಿಲ್ಲುವ ಪ್ರಮಾಣದಲ್ಲಿ ಬರುವ ಇಳಿಕೆ ಶೇಕಡ 5ರ ಆಸುಪಾಸು. ಒಂದೆರಡು ದನ ಕಟ್ಟಿದವರಿಗೆ ಇದು ಗೊತ್ತೇ ಆಗದು. ಕೃತಕ ಗರ್ಭಧಾರಣೆಗೆ ವರ್ಷಕ್ಕೆ ಸಾವಿರಾರು ವೀರ್ಯ ಕಡ್ಡಿ ಕೊಡುವ ಹೋರಿಯಲ್ಲಿ ಅದೇ ದೋಷವಿದ್ದರೆ ನಷ್ಟ ಇಡೀ ತಳಿಗೆ. ಎರಡು ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಂಡಾಗ ಇಳಿಕೆ ಇನ್ನೂ ಹೆಚ್ಚು. ಹೆಚ್ಚುವರಿ ಎಕ್ಸ್ ಹೊತ್ತ ಹೋರಿಯ ವೃಷಣಗಳು ಸಾಮಾನ್ಯವಾಗಿ ಬೆಳೆಯದೆ ಉಳಿಯುತ್ತವೆ.

ಹಳೆಯ ವರದಿಗಳನ್ನು ಒಂದಕ್ಕೊಂದು ಹೋಲಿಸುವಾಗ ಎಚ್ಚರ ಬೇಕು. ದನದ ದೇಹ ವರ್ಣತಂತುಗಳೆಲ್ಲ ಒಂದೇ ಆಕಾರದವು. ಗಾತ್ರ ಮಾತ್ರ ಸ್ವಲ್ಪ ಸ್ವಲ್ಪವೇ ಕುಗ್ಗುತ್ತ ಹೋಗುತ್ತದೆ. ಬಣ್ಣ ಹಾಕಿದಾಗ ಕಾಣುವ ಪಟ್ಟೆಗಳ ಆಧಾರದ ಮೇಲೆ ಅವುಗಳಿಗೆ ಸಮಾನ ಅಂಕಿ ಕೊಡುವ ಯತ್ನ 1976ರ ರೀಡಿಂಗ್ ಸಮ್ಮೇಳನದಿಂದ ಆರಂಭವಾಯಿತು. ಅದಕ್ಕೆ ಮೊದಲಿನ ಬೆಸುಗೆಗಳ ಅಂಕಿಗಳನ್ನು ಇದ್ದಂತೆಯೇ ಒಪ್ಪುವಂತಿಲ್ಲ.

ಭಾರತದ ಹಿಣಿಲುಳ್ಳ ದನಗಳಿಗೆ ಬಂದರೆ ಬೇರೊಂದು ಪ್ರಶ್ನೆ. ಹಳ್ಳಿಕಾರ್, ಓಂಗೋಲ್, ದೇವಣಿ ಮೊದಲಾದವುಗಳಲ್ಲೂ ವರ್ಣತಂತುಗಳು 60. ಆದರೆ ವೈ ವರ್ಣತಂತು ಕಡ್ಡಿಯಂತಿದ್ದು ಸೆಂಟ್ರೋಮಿಯರ್ (ವರ್ಣತಂತುವಿನ ಎರಡು ತೋಳುಗಳು ಕೂಡುವ ಗಂಟು) ಅದರ ತುದಿಯಲ್ಲಿರುತ್ತದೆ. ಯುರೋಪಿನ ತಳಿಗಳಲ್ಲಿ ಅದು ನಡುವಿಗೆ ಹತ್ತಿರ. ಜರ್ಸಿ ಅಥವಾ ಹೋಲ್‌ಸ್ಟೀನ್ ವೀರ್ಯದಿಂದ ನಾಟಿ ಹಸುವಿಗೆ ಹುಟ್ಟಿದ ಹೋರಿಗರುವಿಗೆ ಯುರೋಪಿನ ವೈ, ಇಲ್ಲಿನ ಎಕ್ಸ್ ಕೂಡಿಬರುತ್ತವೆ. ಮಿಶ್ರತಳಿ ಹೋರಿಗಳಲ್ಲಿ ಅನೇಕವು ವೀರ್ಯದ ಗುಣಮಟ್ಟ ಸಾಲದೆ ತಿರಸ್ಕೃತವಾಗುವುದಕ್ಕೆ ಈ ಬೆರಕೆಯೇ ಕಾರಣ ಎಂಬ ವಾದವಿದೆ. ಶಾಖದ ಒತ್ತಡ, ವೃಷಣದ ಕೋಶರಚನೆ ಎಂಬ ವಿವರಣೆಗಳೂ ಇವೆ. ಎರಡು ಬಗೆಯ ದನಗಳ ಮಿಶ್ರಸಂತಾನ ಗಂಡಾಗಲಿ ಹೆಣ್ಣಾಗಲಿ ಸಾಮಾನ್ಯವಾಗಿ ಫಲವಂತವೇ ಆಗಿರುವುದರಿಂದ ವೈ ಆಕಾರದ ಮೇಲೆಯೇ ಹೊಣೆ ಹೊರಿಸುವುದು ದುರ್ಬಲ ವಾದ. ಹಾಗೆಂದು ಎಣಿಕೆ ಒಂದೇ ಆದರೆ ಸಾಕು ಎನ್ನುವಂತೆಯೂ ಇಲ್ಲ: ಯಾಕ್‌ಗೂ ದನಕ್ಕೂ 60 ವರ್ಣತಂತುಗಳಿದ್ದರೂ ಅವುಗಳ ಮೊದಲ ತಲೆಮಾರಿನ ಗಂಡು ಬಂಜೆ.

ದೋಷ ಪತ್ತೆಯ ಹೊಣೆ ಇಂದು ಘನೀಕೃತ ವೀರ್ಯ ಕೇಂದ್ರಗಳದ್ದು. ಬೆಂಗಳೂರಿನ ಹೆಸರಘಟ್ಟ, ತೆಲಂಗಾಣದ ಕರೀಂನಗರ ಇಂಥ ಕೇಂದ್ರಗಳಿರುವ ಊರುಗಳು. ವೀರ್ಯೋತ್ಪಾದನೆಗೆ ಕೇಂದ್ರ ಸರ್ಕಾರ ರೂಪಿಸಿದ ಕನಿಷ್ಠ ಮಾನದಂಡಗಳಲ್ಲಿ ಹೋರಿಯ ವರ್ಣತಂತು ಪರೀಕ್ಷೆಯೂ ಸೇರಿದೆ. ರಕ್ತದ ಬಿಳಿಕಣಗಳನ್ನು ಸುಮಾರು ಮೂರು ದಿನ ಬೆಳೆಸಿ, ಕೋಶ ವಿಭಜನೆಯನ್ನು ನಡುವೆ ತಡೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ.

ಈ ಪರೀಕ್ಷೆಯಿಂದ ವಂಶಶುದ್ಧಿಯ ಸುಳಿವೂ ಸಿಗುತ್ತದೆ. ಹಳೆಯ ಹೈದರಾಬಾದ್ ಸಂಸ್ಥಾನದ ಬೀದರ ಸೀಮೆಗೆ ಸೇರಿದ್ದ ದೇವಣಿ ತಳಿಯ ಹೋರಿಯೊಂದರಲ್ಲಿ ಯುರೋಪಿನ ವೈ ಕಂಡರೆ ಅದರ ಗಂಡು ಸಾಲಿನಲ್ಲಿ ಹೊರತಳಿ ಸೇರಿದೆ ಎಂದರ್ಥ. ಹೆಣ್ಣು ಸಾಲಿನ ಬೆರಕೆ ಇದರಲ್ಲಿ ಕಾಣದು. ಅಂಥ ಬೆರಕೆ ಗುರುತಿಸಲು ಡಿಎನ್‌ಎ ಚಿಪ್ ಬೇಕು. ಹೈದರಾಬಾದಿನ ರಾಷ್ಟ್ರೀಯ ಪಶು ಜೈವಿಕ ತಂತ್ರಜ್ಞಾನ ಸಂಸ್ಥೆ ದೇಶಿ ತಳಿಗಳಿಗಾಗಿಯೇ ರೂಪಿಸಿದ ‘ಇಂಡಿಗೌ’ ಚಿಪ್ 2021ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಆದರೆ ಚಿಪ್ ಓದುವುದು ಡಿಎನ್‌ಎ ಗುರುತುಗಳನ್ನು. 1/29ರಂಥ ಬೆಸುಗೆಯಲ್ಲಿ ಆ ಗುರುತುಗಳು ಬಹುತೇಕ ಬದಲಾಗುವುದಿಲ್ಲ. ಆದ್ದರಿಂದ ಹೋರಿಯ ವೀರ್ಯ ಹಳ್ಳಿಗಳಿಗೆ ಹೋಗುವ ಮುನ್ನ ಸೂಕ್ಷ್ಮದರ್ಶಕದ ಎಣಿಕೆ ಈಗಲೂ ಅಗತ್ಯ.