ಬಂಡಾಯ ಸಾಹಿತ್ಯ ಸಂಘಟನೆ

ಕನ್ನಡ ಸಾಹಿತ್ಯ ವಲಯದೊಳಗಿನ ಜಾತಿ ತಾರತಮ್ಯವನ್ನು ಪ್ರಶ್ನಿಸಲು 1979ರಲ್ಲಿ ಲೇಖಕರೇ ಕಟ್ಟಿದ ಸಂಘಟನೆ. ಇದಕ್ಕೆ ಹಿನ್ನೆಲೆ 1973ರ ಬೂಸಾ ಪ್ರಕರಣ: ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದ ದಲಿತ ಸಚಿವ ಬಿ. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಮುಂದೆ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂದು ಲೇಖಕ ಚೆನ್ನಣ್ಣ ವಾಲೀಕಾರ ಕೇಳಿದರು. ಸಾಹಿತ್ಯದಲ್ಲಿ ಅಂಥ ಭೇದವಿಲ್ಲವೆಂದು ಕನ್ನಡ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಭೇದವಿಲ್ಲವೆಂಬ ಆ ಮಾತೇ ಬಾಗಿಲು ಮುಚ್ಚಿತು. 2009ರಲ್ಲಿ ಇಂಗ್ಲಿಷ್ ವಿಜ್ಞಾನ ಕಥೆಗಳ ಅಭಿಮಾನಿಗಳ ನಡುವೆ ಜನಾಂಗಭೇದದ ಪ್ರಶ್ನೆ ಎದ್ದಾಗಲೂ ಇಂಥದೇ ಉತ್ತರ ಕೇಳಿಬಂದಿತ್ತು. ಇಲ್ಲಿ ಮಾತ್ರ ಲೇಖಕರು ಕಾಯಲಿಲ್ಲ. 1979ರ ಮಾರ್ಚ್‌ನಲ್ಲೇ ಬೆಂಗಳೂರಿನಲ್ಲಿ ಮೊದಲ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಸಿದರು.