ಬನ್ನಿಗೆ ಉಳಿದ ಹೆಸರು, ಕರಿಜಾಲಿಗೆ ತಪ್ಪಿದ ಹೆಸರು

ಬೀದರ ಸೀಮೆಯ ಮಾಣಿಕನಗರ, ಹುಮನಾಬಾದ, ಬಸವಕಲ್ಯಾಣದ ಸುತ್ತಿನ ಒಣಸೀಮೆಯಲ್ಲಿ ಮೂರು ಮುಳ್ಳುಮರಗಳು ಜನಕ್ಕೆ ಚಿರಪರಿಚಿತ: ವಿಜಯದಶಮಿಯಂದು ಎಲೆ ಹಂಚಿಕೊಳ್ಳುವ ಬನ್ನಿ, ಹೊಲದ ಬದುವಿನ ಕರಿಜಾಲಿ, ಬೀಳುಭೂಮಿಯನ್ನು ನುಂಗುವ ಬಳ್ಳಾರಿ ಜಾಲಿ. ಗಡಿಯ ಮರಾಠಿಗರಿಗೆ ಇವೇ ಶಮಿ, ಬಾಭೂಳ, ವೇಡಿ ಬಾಭೂಳ. ಮೂರೂ ತೊಗರಿಯ ಕುಟುಂಬದವು. ವಂಶವಾಹಿ ಸಂಶೋಧನೆಯ ನಂತರ ಇವುಗಳಲ್ಲಿ ಎರಡರ ವೈಜ್ಞಾನಿಕ ಹೆಸರು ಬದಲಾಯಿತು, ಬನ್ನಿಯದು ಉಳಿಯಿತು. ಹಾಗಾದದ್ದು ಡಿಎನ್‌ಎ ಒಂದರಿಂದಲೇ ಅಲ್ಲ ಎಂಬುದು ಈ ಲೇಖನದ ವಾದ.

ಬನ್ನಿಯನ್ನೂ ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿಯನ್ನೂ ಸಸ್ಯಶಾಸ್ತ್ರ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಇರಿಸಿತ್ತು. 997 ವಂಶವಾಹಿಗಳನ್ನು ಹೋಲಿಸಿದ ಅಧ್ಯಯನವನ್ನು ಆಧರಿಸಿ ಸಸ್ಯವಿಜ್ಞಾನಿ ಕಾಲಿನ್ ಹ್ಯೂಸ್ ಮತ್ತು ಸಂಗಡಿಗರು 2022ರಲ್ಲಿ ಆ ಕುಲವನ್ನು ಒಡೆದರು. ಬನ್ನಿಗೆ ಹತ್ತಿರದ ನಂಟು ಭಾರತ-ನೇಪಾಳದ ಇಂಡೋಪಿಪ್ಟಡೀನಿಯಾ ಎಂಬ ಕುಲದೊಂದಿಗೆ. ಬಳ್ಳಾರಿ ಜಾಲಿ ಈಗ ನೆಲ್ಟುಮಾ ಜೂಲಿಫ್ಲೋರಾ. ಎರಡೂ ಬೇರೆ ಎಂಬುದನ್ನು ಮುಳ್ಳುಗಳೂ ಹೇಳುತ್ತಿದ್ದವು. ಬನ್ನಿಯ ಮುಳ್ಳು ಗೆಣ್ಣುಗಳ ನಡುವೆ ಚದುರಿರುತ್ತದೆ, ಬಳ್ಳಾರಿ ಜಾಲಿಯದು ಎಲೆಯ ಕಂಕುಳಲ್ಲಿ ಮೂಡುತ್ತದೆ. ಸಸ್ಯವಿಜ್ಞಾನಿ ಬರ್ಕಾರ್ಟ್ 1976ರಲ್ಲೇ ಈ ಭೇದದ ಮೇಲೆ ಉಪವಿಭಾಗಗಳನ್ನು ಮಾಡಿದ್ದರು.

ಒಡೆದ ಮೇಲೆ ಹಳೆಯ ಹೆಸರು ಯಾರಿಗೆ? ಕುಲದ ಹೆಸರಿಗೆ ಆಧಾರವಾದ ಮಾದರಿ ಪ್ರಭೇದ ಯಾವ ಗುಂಪಿನಲ್ಲಿದೆಯೋ ಆ ಗುಂಪಿಗೆ ಎನ್ನುತ್ತದೆ ನಾಮಕರಣ ಸಂಹಿತೆ. ಲಿನೇಯಸ್ 1767ರಲ್ಲಿ ಪ್ರೊಸೋಪಿಸ್ ಎಂದು ಹೆಸರಿಟ್ಟದ್ದು ಬನ್ನಿಗೇ. ಆದ್ದರಿಂದ ಅಮೆರಿಕದ ಹತ್ತಾರು ಪ್ರಭೇದಗಳು ಹೊರಹೋಗಿ, ಬನ್ನಿ ಸೇರಿ ಮೂರು ಪ್ರಭೇದಗಳಷ್ಟೇ ಆ ಹೆಸರಿನಲ್ಲಿ ಉಳಿದವು.

ಅಕೇಶಿಯಾ ಕುಲವನ್ನು ಒಡೆದಾಗ ಇದೇ ನಿಯಮದಂತೆ ಆ ಹೆಸರು ಕರಿಜಾಲಿಗೆ ಉಳಿಯಬೇಕಿತ್ತು. ಮಾದರಿ ಅದೇ ಆಗಿತ್ತು. ಆದರೆ ಆಸ್ಟ್ರೇಲಿಯಾದ ಸುಮಾರು ಸಾವಿರ ಪ್ರಭೇದಗಳ ಹೆಸರು ಕೆಡಬಾರದೆಂದು ಮಾದರಿಯನ್ನೇ ಬದಲಿಸುವ ಪ್ರಸ್ತಾಪ ಬಂತು. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಶೇ. 54.9 ಮತಗಳು ಅದರ ವಿರುದ್ಧ ಬಿದ್ದರೂ, ತಡೆಯಲು ಶೇ. 60 ಬೇಕಿದ್ದುದರಿಂದ ಪ್ರಸ್ತಾಪ ಊರ್ಜಿತವಾಯಿತು. 2011ರ ಮೆಲ್ಬರ್ನ್ ಸಮ್ಮೇಳನವೂ ಆ ಬದಲಾವಣೆಯನ್ನು ಉಳಿಸಿಕೊಂಡಿತು. ನಮ್ಮ ಕರಿಜಾಲಿ ವ್ಯಾಚೆಲಿಯಾ ನೈಲೋಟಿಕಾ ಆಯಿತು. ಮಲೆನಾಡಿನ ನೆಡುತೋಪುಗಳ ಆಸ್ಟ್ರೇಲಿಯನ್ ಮರ ಅಕೇಶಿಯಾ ಆಗಿಯೇ ಉಳಿಯಿತು. ಆಫ್ರಿಕಾ ಮತ್ತು ಏಷ್ಯಾದ ಮರಗಳಿಗೆ ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಜನಭಾಷೆ ಬನ್ನಿಯನ್ನು ಜಾಲಿಯೊಂದಿಗೆ ಎಂದೂ ಬೆರೆಸಲಿಲ್ಲ. ಆದರೆ ಎರಡು ಜಾಲಿಗಳನ್ನು ಅದೇ ಭಾಷೆ ಒಂದೇ ಹೆಸರಿನಡಿ ತಂದಿದೆ; ವಂಶವಾಹಿ ಅದನ್ನು ಒಪ್ಪುವುದಿಲ್ಲ. ಒಣಸಸ್ಯ ಸಂಗ್ರಹಾಲಯಗಳಲ್ಲಿ ಹೆಸರು ಬದಲಾದಾಗ ಹಳೆಯ ಚೀಟಿಯನ್ನು ಕೀಳದೆ, ಹೊಸದನ್ನು ಪಕ್ಕದಲ್ಲಿ ಅಂಟಿಸುತ್ತಾರೆ. ಬೀದರ ಸೀಮೆಯ ಹಾಳೆಗಳಲ್ಲಿ ಆ ಹೊಸ ಚೀಟಿಯ ಮೇಲೆ ಕನ್ನಡ, ಮರಾಠಿ ಹೆಸರುಗಳನ್ನೂ ಬರೆಯಬೇಕು.