ಮಾಡಿದಂ, ಮಾಡಿಸಿದಂ: ಹಾಸನ ಸೀಮೆಯಲ್ಲಿ ದುಡಿಮೆ, ಹಣ ಮತ್ತು ಕರ್ತೃತ್ವ

1. ಪೀಠಿಕೆ

ಕ್ರಿಯೆಯಲ್ಲಿ ಯಾವನು ಸ್ವತಂತ್ರನೋ ಅವನೇ ಕರ್ತೃವೆಂದು ಪಾಣಿನಿಯು ತನ್ನ ವ್ಯಾಕರಣದಲ್ಲಿ ನಿರ್ಣಯಿಸಿದನು. ಆದರೆ ಅಲ್ಲಿಗೇ ವಿರಮಿಸದೆ, ಮಾಡುವವನನ್ನು ಮಾಡುವಂತೆ ಪ್ರೇರಿಸುವ ಮತ್ತೊಬ್ಬನೂ ಲೋಕದಲ್ಲಿರುವನೆಂಬುದನ್ನು ಗಮನಿಸಿ, ಅವನಿಗೆ ಹೇತುವೆಂಬ ಸಂಜ್ಞೆಯೊಡನೆ ಕರ್ತೃವೆಂಬ ಸಂಜ್ಞೆಯನ್ನೂ ವಿಧಿಸಿದನು. ಅನಂತರದ ವೈಯಾಕರಣರು ಈ ಇಬ್ಬರನ್ನು ಪ್ರಯೋಜಕನೆಂದೂ ಪ್ರಯೋಜ್ಯನೆಂದೂ ಬೇರ್ಪಡಿಸಿದರು. ಕನ್ನಡಕ್ಕೆ ಇಷ್ಟು ಪರಿಭಾಷೆಯ ಅಗತ್ಯವೇ ಬೀಳಲಿಲ್ಲ. ‘ಮಾಡು’ ಎಂಬ ಧಾತುವಿಗೆ ‘ಇಸು’ ಎಂಬ ಪ್ರತ್ಯಯವೊಂದನ್ನು ಹಚ್ಚಿದೊಡನೆಯೇ ಬೆವರು ಸುರಿಸುವವನೂ ಚೀಲದ ಬಾಯಿ ಬಿಚ್ಚುವವನೂ ಬೇರೆಬೇರೆಯಾಗಿ ನಿಂತುಬಿಡುತ್ತಾರೆ.

ಒಬ್ಬ ಮನುಷ್ಯನು ತನ್ನ ದುಡಿಮೆಯಲ್ಲಿ ತಾನಾಗಿ ಉಳಿಯುವುದು ಹೇಗೆ, ಆ ದುಡಿಮೆಯಿಂದ ಬಂದ ಹಣವು ಅವನ ಕೈಯಲ್ಲಿರುವುದೋ ಅವನು ಹಣದ ಕೈಯಲ್ಲಿರುವನೋ ಎಂಬ ಪ್ರಶ್ನೆ ಈಚಿನದೆಂದು ತೋರಬಹುದಾದರೂ, ‘ಮಾಡಿದ’ ‘ಮಾಡಿಸಿದ’ ಎಂಬ ಎರಡು ಕ್ರಿಯಾಪದಗಳ ನಡುವಣ ಅಂತರದಲ್ಲಿ ಅದು ಬಹುಕಾಲದಿಂದ ವಾಸವಾಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳೆಂಬ ನಾಲ್ಕು ತಾಲ್ಲೂಕುಗಳ ಶಾಸನ, ಸಾಹಿತ್ಯ ಮತ್ತು ಜೀವನವೃತ್ತಾಂತಗಳನ್ನು ಆಧರಿಸಿ ಆ ಅಂತರವನ್ನು ಅಳೆಯುವುದು ಪ್ರಸ್ತುತ ಲೇಖನದ ಉದ್ದೇಶ. ಕೆಲಸದ ಮೇಲಣ ಅಂಕಿತವೂ ಹಣದ ಲೆಕ್ಕವೂ ಒಂದೇ ಕೈಯಲ್ಲಿ ಸೇರಿದಾಗ ಮಾತ್ರ ದುಡಿಯುವವನಿಗೆ ಕರ್ತೃತ್ವ ಸಿದ್ಧಿಸುತ್ತದೆಯೆಂಬುದೂ, ಈ ಸಂಯೋಗವು ಇಲ್ಲಿಯ ಚರಿತ್ರೆಯಲ್ಲಿ ಅತಿ ವಿರಳವಾಗಿ ಒದಗಿದೆಯೆಂಬುದೂ ನನ್ನ ಪ್ರತಿಪಾದನೆ.

2. ಶಾಸನಗಳ ಎರಡು ಕ್ರಿಯಾಪದಗಳು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ವಿಂಧ್ಯಗಿರಿಯ ಗೊಮ್ಮಟನ ಪಾದಮೂಲದಲ್ಲಿ ಕೊರೆದಿರುವ ಕಿರುಬರಹಗಳು ಚಾವುಂಡರಾಯನ ಹೆಸರಿನೊಡನೆ ‘ಮಾಡಿಸಿದಂ’ ಎಂಬ ಕ್ರಿಯಾಪದವನ್ನು ಕನ್ನಡದಲ್ಲಿಯೂ ಅದಕ್ಕೆ ಸಮಾನವಾದ ಪದಗಳನ್ನು ತಮಿಳು ಮರಾಠಿಗಳಲ್ಲಿಯೂ ಹೇಳುತ್ತವೆ. ಸುತ್ತಾಲಯವನ್ನು ಕಟ್ಟಿಸಿದ ಗಂಗರಾಜನಿಗೂ ಅದೇ ಕ್ರಿಯಾಪದವೇ ಸಂದಿದೆ. ಸುಮಾರು 57 ಅಡಿ ಎತ್ತರದ ಆ ಶಿಲೆಯನ್ನು ಕಡೆದ ಕೈಯ ಹೆಸರು ಮಾತ್ರ ಆ ಬರಹಗಳಲ್ಲಿ ಇಲ್ಲ. ಮೂರು ಭಾಷೆಗಳಲ್ಲಿ ದಾಖಲೆಯಾಗಿರುವುದು ಪ್ರಯೋಜಕನ ಕರ್ತೃತ್ವವೊಂದೇ.

ಹೊಯ್ಸಳರ ಕಾಲಕ್ಕೆ ಈ ಸ್ಥಿತಿ ಬದಲಾಗತೊಡಗಿತು. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯನ್ನು ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1113ರ ಸುಮಾರಿಗೆ, ಕಟ್ಟಿಸಿದವನು ಅರಸನಲ್ಲ, ದಂಡನಾಯಕನಲ್ಲ. ಕುಲ್ಲಹಣ ರಾಹುತನೆಂಬ ವರ್ತಕ. ಅವನ ಹೆಸರಿನೊಡನೆ ಅವನ ಮಡದಿ ಸಹಜಾದೇವಿಯ ಹೆಸರೂ ನಿಂತಿದೆ. ವ್ಯಾಪಾರದಿಂದ ಕೂಡಿಬಂದ ಹಣವು ಗಂಡಹೆಂಡಿರ ಜಂಟಿ ಸಂಕಲ್ಪಕ್ಕೆ ಅಧೀನವಾಗಿ ಕಲ್ಲಾದ ಸಂದರ್ಭವಿದು. ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಶ್ರವಣಬೆಳಗೊಳದ ಅಕ್ಕನ ಬಸದಿ. ಇಮ್ಮಡಿ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯು ಶೈವನಾಗಿದ್ದರೂ, ಜೈನಮತಾವಲಂಬಿಯಾದ ಅವನ ಪತ್ನಿ ಆಚಿಯಕ್ಕನು 1181ರಲ್ಲಿ ಪಾರ್ಶ್ವನಾಥನಿಗೆ ಬಸದಿಯನ್ನು ಮಾಡಿಸಿದಳು; ಊರು ಅದನ್ನು ಮಂತ್ರಿಯ ಬಸದಿಯೆನ್ನದೆ ಇಂದಿಗೂ ಅಕ್ಕನ ಬಸದಿಯೆಂದೇ ಕರೆಯುತ್ತದೆ. ಗಂಡನ ಮತಕ್ಕೆ ಹೊರತಾದ ಒಂದು ಉದ್ದೇಶಕ್ಕೆ ದ್ರವ್ಯವನ್ನು ವಿನಿಯೋಗಿಸುವ ಸ್ವಾತಂತ್ರ್ಯವು, ಮೇಲು ಮನೆತನದ ಮಟ್ಟಿಗಾದರೂ, ಹೆಣ್ಣಿಗಿತ್ತೆಂಬುದಕ್ಕೆ ಇದು ಸಾಕ್ಷಿ. ಅದೇ ಕ್ಷೇತ್ರದ ಹದಿಮೂರನೆಯ ಶತಮಾನದ ಶಾಸನಗಳಲ್ಲಿ, ಗದ್ಯಾಣಗಳನ್ನು ಮೂಲಧನವಾಗಿಟ್ಟು ಅವುಗಳ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ಹಾಲು ಸಲ್ಲುವಂತೆ ವ್ಯವಸ್ಥೆ ಮಾಡಿದ ದಾನಿಗಳನ್ನು ಕಾಣುತ್ತೇವೆ. ತಾನು ಸತ್ತ ಮೇಲೂ ತನ್ನ ಹಣವು ತನ್ನ ಮಾತನ್ನೇ ಕೇಳುತ್ತಿರಬೇಕೆಂಬ ಆಸೆ ಆ ಬಡ್ಡಿಯ ಏರ್ಪಾಟಿನಲ್ಲಿದೆ.

ಇವರೆಲ್ಲರೂ ‘ಮಾಡಿಸಿದ’ವರು. ‘ಮಾಡಿದ’ವರ ದನಿ ಕೇಳಬೇಕಾದರೆ ನುಗ್ಗೇಹಳ್ಳಿಗೆ ಹೋಗಬೇಕು. ವೀರಸೋಮೇಶ್ವರನ ದಂಡನಾಯಕ ಬೊಮ್ಮಣ್ಣನು 1246ರಲ್ಲಿ ಮಾಡಿಸಿದ ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯನ್ನು ಸುತ್ತಿ ಬರುವಾತನು, ಮೂರ್ತಿಗಳ ಮೇಲಿಂದ ದೃಷ್ಟಿಯನ್ನು ಕೊಂಚ ಇಳಿಸಿ ಪೀಠಗಳ ಅಂಚನ್ನು ನೋಡಿದರೆ, ದೇವರ ಪಾದದ ಕೆಳಗೆ ಬೆರಳುದ್ದದ ಅಕ್ಷರಗಳು ಕಾಣಸಿಗುತ್ತವೆ: ದಕ್ಷಿಣದ ಭಾಗದಲ್ಲಿ ನಂದಿಯ ಬೈಚೋಜ, ಉತ್ತರದ ಭಾಗದಲ್ಲಿ ಮಲ್ಲಿತಮ್ಮ. ಒಂದೇ ಗುಡಿ, ಒಬ್ಬನೇ ಒಡೆಯ, ಎರಡು ಕೈ. ದಕ್ಷಿಣದ ಗೋಡೆಯನ್ನೂ ಉತ್ತರದ ಗೋಡೆಯನ್ನೂ ಹೋಲಿಸಿ ನೋಡಲು ಇಂದಿನ ಕಲಾವಿಮರ್ಶಕರಿಗೆ ಅವಕಾಶವಾಗಿರುವುದು ಆ ಕಿರುಬರಹಗಳಿಂದಲೇ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ ತೊಡಗಿ 1268ರ ಸೋಮನಾಥಪುರದವರೆಗೆ ಕಾಣಿಸಿಕೊಳ್ಳುವುದರಿಂದ, ಎಪ್ಪತ್ತೆರಡು ವರ್ಷಗಳ ಆ ಅವಧಿಯನ್ನು ಒಬ್ಬನೇ ಶಿಲ್ಪಿಗೆ ಸಲ್ಲಿಸಬಹುದೇ ಎಂಬ ಸಂದೇಹಕ್ಕೆ ಎಡೆಯುಂಟು. ಆದರೆ ಹೆಸರನ್ನು ‘ಮಲ್ಲಿ’ ಎಂದೂ, ಕೆಲವೆಡೆ ಬರಿಯ ‘ಮ’ ಎಂದೂ ಕುಗ್ಗಿಸಿರುವ ಆ ಅಭ್ಯಾಸವು, ಕೆಲಸದ ಭರಾಟೆಯಲ್ಲಿಯೂ ಅಂಕಿತವನ್ನು ಬಿಡಲೊಲ್ಲದ ಒಂದು ಹಟವನ್ನು ತೋರಿಸುತ್ತದೆ.

ಈ ಅಂಕಿತಗಳು ಕೇವಲ ಕಲಾವಿದನ ಅಭಿಮಾನದ ಗುರುತುಗಳೇ ಎಂದು ಕೇಳಬಹುದು. ಎದುರಾಳಿ ಶಿಲ್ಪಿಗಳನ್ನು ಧಿಕ್ಕರಿಸುವ ಬಿರುದುಗಳನ್ನು ಹೊಯ್ಸಳ ಕಾಲದ ಕೆಲವು ರೂವಾರಿಗಳು ಹೊತ್ತುಕೊಂಡಿರುವುದನ್ನು ನೋಡಿದರೆ ಅಭಿಮಾನವಿಲ್ಲವೆನ್ನಲಾಗದು. ಆದರೆ ಹತ್ತಾರು ಕೈಗಳು ಏಕಕಾಲದಲ್ಲಿ ಕೆಲಸಮಾಡುತ್ತಿದ್ದ ಕಮ್ಮಟದಲ್ಲಿ, ಯಾವ ಮೂರ್ತಿ ಯಾರದೆಂಬುದನ್ನು ಗೊತ್ತುಹಚ್ಚಿ ಸಂಭಾವನೆಯನ್ನು ಎಣಿಸಿಕೊಡುವುದಕ್ಕೂ ಆ ಹೆಸರುಗಳು ಒದಗಿದ್ದಿರಬಹುದೆಂದು ಊಹಿಸುವುದು ಅಸಂಗತವಲ್ಲ. ಹಾಗಾದರೆ ಅಭಿಮಾನವೂ ಆದಾಯವೂ ಒಂದೇ ‘ಮ’ಕಾರದಲ್ಲಿ ಅಡಗಿದ್ದವೆಂದಾಯಿತು, ಇದರಿಂದ ಆ ಅಕ್ಷರದ ಬೆಲೆ ನನ್ನ ದೃಷ್ಟಿಯಲ್ಲಿ ಇಳಿಯಲಿಲ್ಲ, ಏರಿತು.

3. ಲೆಕ್ಕ ಬರೆದ ಕೈ

ಅಂಕಿತವಿದ್ದು ಲೆಕ್ಕವು ಅನ್ಯರ ವಶದಲ್ಲಿದ್ದ ಸ್ಥಿತಿ ಶಿಲ್ಪಿಯದಾದರೆ, ಲೆಕ್ಕವನ್ನು ತಾನೇ ಬರೆದರೂ ಅಂಕಿತ ತನ್ನದಾಗದ ಸ್ಥಿತಿಯನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು 1970ರಲ್ಲಿ ಪ್ರಕಟವಾದ ‘ಗೃಹಭಂಗ’ದಲ್ಲಿ ಚಿತ್ರಿಸಿದ್ದಾರೆ. ಶಾನುಭೋಗಿಕೆ ಗಂಡ ಚೆನ್ನಿಗರಾಯನದು. ಖಿರ್ದಿ, ಖಾತೆ, ಪಹಣಿಗಳನ್ನು ಬರೆಯುವ ಕೈ ಹೆಂಡತಿ ನಂಜಮ್ಮನದು. ವರ್ಷಕ್ಕೊಮ್ಮೆ ಬರುವ ಪೋಟಗಿಯ ಹಣವು ಹುದ್ದೆಯ ಹೆಸರಿಗೆ ಬರುತ್ತದೆಯೇ ಹೊರತು ಕೈಬರಹಕ್ಕಲ್ಲ. ಬಂದ ಹಣವು ಆ ಗಂಡನ ನಾಲಗೆಯ ಚಪಲಕ್ಕೆ ಕರಗಿಹೋಗುವುದನ್ನು ಆಕೆ ನೋಡಬೇಕಾಗುತ್ತದೆ.

ಈ ಕಾದಂಬರಿಯ ಆರ್ಥಿಕ ಹೃದಯವಿರುವುದು ಲೆಕ್ಕದ ಪುಸ್ತಕದಲ್ಲಿಯಲ್ಲ, ಮುತ್ತುಗದ ಎಲೆಯಲ್ಲಿ ಎಂದು ನಾನು ಭಾವಿಸುತ್ತೇನೆ. ಎಲೆ ಹಚ್ಚುವುದನ್ನು ಈ ಸೀಮೆಯ ಹಿಂದಿನ ತಲೆಮಾರು ಕಣ್ಣಾರೆ ಕಂಡಿದೆ: ಕಾಡಿನಿಂದ ಹೊತ್ತು ತಂದ ಎಲೆಯನ್ನು ಒಣಗಿಸಿ, ಭಾರ ಹೇರಿ ಮಟ್ಟಸ ಮಾಡಿ, ಮುರಿಯದಂತೆ ನೀರು ಚಿಮುಕಿಸಿ ಹದಕ್ಕೆ ತಂದು, ಸಣ್ಣಗೆ ಸೀಳಿದ ಕಡ್ಡಿಯಿಂದ ಒಂದಕ್ಕೊಂದು ಪೋಣಿಸಿ, ದುಂಡಗಾದ ಮೇಲೆ ಎಣಿಸಿ ಕಟ್ಟು ಕಟ್ಟುವುದು. ಒಮ್ಮೆ ಉಂಡು ಬಿಸಾಡುವ ಆ ವಸ್ತುವಿನ ಮೇಲೆ ಯಾರ ಹೆಸರೂ ಇಲ್ಲ. ಬೈಚೋಜನ ಕಲ್ಲು ಏಳುನೂರು ವರ್ಷಗಳನ್ನು ದಾಟಿ ನಿಂತಿದೆ. ನಂಜಮ್ಮನ ಎಲೆ ಒಂದು ಊಟಕ್ಕೆ ಮುಗಿಯುತ್ತದೆ. ಆದರೂ ಆ ಕಟ್ಟುಗಳನ್ನು ಮಾರಿ ಬಂದ ಕಾಸು ಯಾರ ಹುದ್ದೆಯ ಮೂಲಕವೂ ಹಾದುಬರದೆ ನೇರವಾಗಿ ಆಕೆಯ ಕೈಗೆ ಬಂದು, ಮಕ್ಕಳ ಹೊಟ್ಟೆಗೂ ಓದಿಗೂ ಸಂದಿತು. ಅಂಕಿತವಿಲ್ಲದ ಈ ದುಡಿಮೆಯಲ್ಲಿ ಆಕೆಗೆ ದೊರೆತ ಕರ್ತೃತ್ವವು, ಸರ್ಕಾರವೇ ಮೆಚ್ಚುವಂತೆ ಲೆಕ್ಕ ಬರೆದುದರಲ್ಲಿ ದೊರೆಯಲಿಲ್ಲ. ವಂಶಪಾರಂಪರ್ಯವಾಗಿ ಬರುತ್ತಿದ್ದ ಶಾನುಭೋಗಿಕೆಯನ್ನು 1961ರ ಗ್ರಾಮಾಧಿಕಾರ ರದ್ದಿಯಾತಿಯ ಕಾಯಿದೆ ಮುಗಿಸಿತು. ಹುದ್ದೆ ಒಬ್ಬರದು ದುಡಿಮೆ ಒಬ್ಬರದು ಎಂಬ ಏರ್ಪಾಟನ್ನು ಮುಗಿಸುವ ಕಾಯಿದೆಯಾವುದೂ ಇನ್ನೂ ಬಂದಿಲ್ಲ.

4. ಊರನ್ನು ಹೆಸರಿನಲ್ಲಿ ಹೊತ್ತವರು

ಅರಕಲಗೂಡು ತಾಲ್ಲೂಕಿಗೆ ಬಂದರೆ ಅಂಕಿತವು ಮತ್ತೊಂದು ರೂಪವನ್ನು ತಾಳುತ್ತದೆ. ಕಾವೇರಿಯ ದಡದ ರುದ್ರಪಟ್ಟಣವು ಸಂಗೀತಗಾರರ ಊರು. ಅಲ್ಲಿಂದ ಹೊರಟ ಗಾಯಕವಾದಕರು ತಮ್ಮ ಹೆಸರಿನ ಮೊದಲಿಗೆ ಊರಿನ ಅಕ್ಷರವನ್ನು ಇಟ್ಟುಕೊಂಡೇ ಲೋಕಕ್ಕೆ ಪರಿಚಿತರಾದರು. ಆರ್. ಕೆ. ಶ್ರೀಕಂಠನ್ (1920–2014) ಅವರ ಹೆಸರಿನ ಮೊದಲಕ್ಷರವು ಆ ಊರೇ. ಅರಮನೆಯ ಆಶ್ರಯವು ಕ್ಷೀಣಿಸುತ್ತಿದ್ದ ಕಾಲದಲ್ಲಿ ಅವರು ಆಕಾಶವಾಣಿಯ ನೌಕರಿಯನ್ನು ಸ್ವೀಕರಿಸಿ, ತಿಂಗಳ ಸಂಬಳದ ನೆಲೆಯ ಮೇಲೆ ನಿಂತು ತಮ್ಮ ಸಂಪ್ರದಾಯಶುದ್ಧಿಯನ್ನು ಕಾಪಾಡಿಕೊಂಡರು. ಸಂಬಳವು ಕಲೆಗೆ ಸಂಕೋಲೆಯೆಂದು ಹೇಳುವವರು ಈ ನಿದರ್ಶನವನ್ನು ಪರಿಶೀಲಿಸಬೇಕು: ಸಭಿಕರ ಚಪಲಕ್ಕೆ ಬಾಗದೆ ಹಾಡುವ ಧೈರ್ಯಕ್ಕೆ ಕೆಲವೊಮ್ಮೆ ಸಂಬಳವೇ ಊರುಗೋಲಾಗುತ್ತದೆ.

ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದವರು ಅರಕಲಗೂಡಿನ ಮನೆತನದ ಅ. ನ. ಕೃಷ್ಣರಾಯರು (1908–1971). ಹುಟ್ಟಿದ್ದು ಕೋಲಾರದಲ್ಲಾದರೂ ‘ಅನಕೃ’ ಎಂಬ ಅಂಕಿತದ ಮೊದಲಕ್ಷರದಲ್ಲಿ ಅರಕಲಗೂಡು ಉಳಿಯಿತು. ಲೇಖಣಿಯೊಂದನ್ನೇ ನಂಬಿ ಬಾಳುತ್ತೇನೆಂಬ ಅವರ ನಿಶ್ಚಯವು, ಅಧ್ಯಾಪಕರೂ ಅಧಿಕಾರಿಗಳೂ ಬಿಡುವಿನ ವೇಳೆಯಲ್ಲಿ ಸಾಹಿತ್ಯ ರಚಿಸುತ್ತಿದ್ದ ಅಂದಿನ ಕನ್ನಡದಲ್ಲಿ ದುಸ್ಸಾಹಸವೇ ಆಗಿತ್ತು. ನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದ ಅವರನ್ನು, ಹಣಕ್ಕಾಗಿ ಬರೆದರೆಂದು ಆಕ್ಷೇಪಿಸುವುದು ಸುಲಭ. ಆದರೆ ‘ಸಂಧ್ಯಾರಾಗ’ದ ಗಾಯಕ, ‘ಉದಯರಾಗ’ದ ಚಿತ್ರಕಾರ, ‘ನಟಸಾರ್ವಭೌಮ’ದ ನಟ ಇವರೆಲ್ಲರೂ ತಮ್ಮ ವೃತ್ತಿಯಲ್ಲಿ ತಾವಾಗಿರಲು ಹೆಣಗುವ ಮನುಷ್ಯರೇ ಆಗಿರುವುದು ಆಕಸ್ಮಿಕವಲ್ಲ. ತಮ್ಮ ಬದುಕಿನ ಪ್ರಶ್ನೆಯನ್ನೇ ಅವರು ಮತ್ತೆ ಮತ್ತೆ ಪಾತ್ರಗಳ ಬಾಯಿಂದ ಕೇಳಿಸಿದರೆಂದು ಓದಿದರೆ, ಆ ಸಮೃದ್ಧಿಯೊಳಗಿನ ಏಕಸೂತ್ರವು ಗೋಚರವಾಗುತ್ತದೆ.

ಈ ತಾಲ್ಲೂಕಿನ ಬಹುಜನರ ದುಡಿಮೆ ಮಾತ್ರ ಸಂಗೀತವೂ ಅಲ್ಲ, ಸಾಹಿತ್ಯವೂ ಅಲ್ಲ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪನ್ನು ತರುವ ಬೆಳೆಗಾರನು, ನೋಂದಣಿಯಿಂದ ಹಿಡಿದು ಎಲೆ ಒಣಗಿಸುವ ಬ್ಯಾರನ್ನಿನ ಬೆಂಕಿಯವರೆಗೆ ನಿಯಮಕ್ಕೂ ನಿದ್ದೆಗೆಟ್ಟ ರಾತ್ರಿಗಳಿಗೂ ಒಳಗಾಗಿ ಹದಮಾಡಿದ ಎಲೆಯು, ಅಲ್ಲಿ ಸಂಖ್ಯೆ ಬರೆದ ಚೀಟಿಯೊಂದರ ಕೆಳಗೆ ಮಲಗಿರುತ್ತದೆ. ಎಲೆಯ ಬಣ್ಣವನ್ನು ನೋಡಿದೊಡನೆ ಇದು ಇಂಥವನ ಹದವೆಂದು ಊರಿನವರು ಗುರುತಿಸಬಲ್ಲರು. ಬೆಲೆ ಕೂಗುವವರಿಗೆ ಆ ಗುರುತು ಬೇಕಾಗಿಲ್ಲ. ನುಗ್ಗೇಹಳ್ಳಿಯ ಪೀಠದ ಮೇಲೆ ಹೆಸರಿದ್ದ ಜಾಗದಲ್ಲಿ ಇಲ್ಲಿ ಸಂಖ್ಯೆ ಇದೆ. ಕೂಗಿದ ಬೆಲೆಯನ್ನು ಒಲ್ಲೆನೆನ್ನುವ ಶಕ್ತಿಯು, ಮನೆಯಲ್ಲಿ ಸಾಲವೆಷ್ಟಿದೆಯೆಂಬುದರ ಮೇಲೆ ನಿಂತಿದೆ.

5. ಕರ್ತೃತ್ವವನ್ನೇ ಪ್ರಶ್ನಿಸಿದ ಕರ್ತೃ

ಹೇಮಾವತಿಯ ತೀರದ ಹೊಳೆನರಸೀಪುರವು ಈ ವಿಚಾರಕ್ಕೆ ಅನಿರೀಕ್ಷಿತವಾದ ತಿರುವನ್ನು ಕೊಡುತ್ತದೆ. ಉಪಾಧ್ಯಾಯರಾಗಿದ್ದ ಯಲ್ಲಂಬಳಸೆ ಸುಬ್ಬರಾಯರು (1880–1975) 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿ, 1937ರಲ್ಲಿ ಅದನ್ನು ಹೊಳೆನರಸೀಪುರಕ್ಕೆ ತಂದರು. 1948ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. ಶಾಂಕರಭಾಷ್ಯಗಳನ್ನು ಕನ್ನಡಕ್ಕೆ ತಂದವರೂ, 1929ರ ‘ಮೂಲಾವಿದ್ಯಾನಿರಾಸ’ದಿಂದ ಪಂಡಿತವಲಯದಲ್ಲಿ ದೀರ್ಘವಾದವನ್ನೆಬ್ಬಿಸಿದವರೂ ಅವರೇ. ನಮ್ಮ ಪ್ರಶ್ನೆಗೆ ಮುಖ್ಯವಾದುದು ಇಷ್ಟು: ಇಲ್ಲಿ ಬರೆದವರೂ ಪ್ರಕಟಪಡಿಸಿದವರೂ ಒಬ್ಬರೇ. ದಂಡನಾಯಕನ ಔದಾರ್ಯಕ್ಕೂ ಪ್ರಕಾಶಕನ ಮರ್ಜಿಗೂ ಕಾಯದೆ, ‘ಮಾಡು’ ಮತ್ತು ‘ಮಾಡಿಸು’ ಎರಡನ್ನೂ ತಮ್ಮ ಹೊಣೆಗೇ ತೆಗೆದುಕೊಂಡ ಅಪೂರ್ವ ನಿದರ್ಶನವಿದು.

ಆದರೆ ಅವರು ಜೀವಮಾನವಿಡೀ ಪ್ರತಿಪಾದಿಸಿದ ಸಿದ್ಧಾಂತದಂತೆ, ನಾನು ಕರ್ತೃವೆಂಬ ಬುದ್ಧಿಯೇ ಅಧ್ಯಾಸ, ಆತ್ಮನಲ್ಲಿ ಆರೋಪಿತವಾದದ್ದು. ಕರ್ತೃತ್ವವು ಆರೋಪಿತವೆಂದು ಬೋಧಿಸುವ ಗ್ರಂಥಗಳನ್ನು ಕರಡು ತಿದ್ದಿ, ಕಾಗದ ಒದಗಿಸಿ, ಬೆಲೆ ಗೊತ್ತುಮಾಡಿ ಹೊರತರುವ ವ್ಯವಹಾರವು ಕರ್ತೃತ್ವವಿಲ್ಲದೆ ಸಾಗುವುದುಂಟೆ? ವ್ಯವಹಾರವನ್ನು ವ್ಯವಹಾರದ ಮಟ್ಟಿಗೆ ಅಂಗೀಕರಿಸುವ ಅದ್ವೈತಕ್ಕೆ ಇದು ವಿರೋಧವಾಗಿ ತೋರದು. ನಮಗೆ ಇದರಿಂದ ದೊರೆಯುವ ಬೆಳಕು ಬೇರೆ ಬಗೆಯದು: ಕೆಲಸವನ್ನೂ ಲೆಕ್ಕವನ್ನೂ ಕೈಯಲ್ಲಿ ಹಿಡಿದವನಿಗೇ ಅವೆರಡನ್ನೂ ಬಿಟ್ಟುಕೊಡುವ ಸ್ವಾತಂತ್ರ್ಯವೂ ಉಂಟು. ನಂಜಮ್ಮನಂಥವಳಿಗೆ ನಾನು ಕರ್ತೃವಲ್ಲವೆಂಬ ಉಪದೇಶವನ್ನು ಮಾಡುವ ಮೊದಲು, ಅವಳನ್ನು ಒಮ್ಮೆಯಾದರೂ ಕರ್ತೃವೆಂದು ಒಪ್ಪಿಕೊಂಡಿರಬೇಕಾದುದು ನ್ಯಾಯ.

6. ಉಪಸಂಹಾರ

ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂಬ ಮಾತಿಗೆ ಹೊಸ ಪ್ರಾಣವನ್ನು ತುಂಬಿದಾಗ ಬಂದದ್ದೆಷ್ಟು, ಸಾಕಾದದ್ದೆಷ್ಟು ಎಂಬ ಲೆಕ್ಕವನ್ನೂ ಅದರೊಳಗೇ ಇಟ್ಟರು. ಅಗತ್ಯಕ್ಕೆ ಮೀರಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿ ಆ ಲೆಕ್ಕವಿಡುವವಳು ಮನೆಯ ಹೆಣ್ಣೇ. ಸಾಕೆನ್ನುವ ಅಧಿಕಾರವು ಬೇಕೆನ್ನುವ ಅಧಿಕಾರದಷ್ಟೇ ದೊಡ್ಡದು. ಎರಡೂ ದುಡಿದ ಕೈಗೇ ಸೇರಿದವು.

ಮೇಲೆ ಪರಿಶೀಲಿಸಿದ ನಿದರ್ಶನಗಳಲ್ಲಿ ಕಲ್ಲಿಗೆ ಅಂಕಿತ ದೊರೆತು ಲೆಕ್ಕ ದೊರೆಯಲಿಲ್ಲ. ಎಲೆಗೆ ಕಾಸು ದೊರೆತು ಅಂಕಿತ ದೊರೆಯಲಿಲ್ಲ. ಲೇಖಣಿಗೆ ಎರಡೂ ದೊರೆತರೂ ನಿಶ್ಚಿಂತೆ ದೊರೆಯಲಿಲ್ಲ. ಹೊಗೆಸೊಪ್ಪಿಗೆ ಸಂಖ್ಯೆಯಷ್ಟೇ ಉಳಿಯಿತು. ಹಣದಿಂದ ದೂರ ಸರಿದು ಸ್ವಂತಿಕೆಯನ್ನು ಪಡೆದವರು ಈ ಪಟ್ಟಿಯಲ್ಲಿ ಯಾರೂ ಇಲ್ಲ. ಸಂನ್ಯಾಸಿಯೂ ಗ್ರಂಥದ ಬೆಲೆಯನ್ನು ಎಣಿಸಬೇಕಾಯಿತು. ಆದುದರಿಂದ ದುಡಿಮೆಯ ಸ್ವಂತಿಕೆಯನ್ನು ಕುರಿತ ವಿಚಾರವು ಮನಸ್ಸಿನ ಶೋಧನೆಯಿಂದ ತೊಡಗುವುದಕ್ಕಿಂತ ಪುಸ್ತಕದ ಶೋಧನೆಯಿಂದ ತೊಡಗುವುದು ಲೇಸು: ಲೆಕ್ಕದ ಪುಸ್ತಕ ಯಾರ ಮನೆಯಲ್ಲಿದೆ, ಬರೆಯುವವರು ಯಾರು, ಕೆಳಗೆ ರುಜು ಯಾರದು. ಈ ಮೂರಕ್ಕೂ ಒಂದೇ ಹೆಸರು ಉತ್ತರವಾಗಿ ಬರುವ ಮನೆಗಳು ಹಾಸನ ಸೀಮೆಯಲ್ಲಿ ಎಷ್ಟಾದಾವು ಎಂಬುದನ್ನು ಊರೂರಿಗೆ ಹೋಗಿ ಎಣಿಸಬೇಕಾದ ಕೆಲಸ ಇನ್ನೂ ಉಳಿದಿದೆ.